ಅವ್ವನ ಎರಡನೆಯ ಬೇನೆ

ಬಳ್ಳಾರಿ ಸೀಮೆಗೆ ಎರಡೇ ಕಾಲ ಎಂದು ನಮ್ಮವರು ನಗೆಯಾಡುವುದುಂಟು: ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಇಂಥ ಸೀಮೆಯ ಬಾದನಹಟ್ಟಿಯಲ್ಲಿ, 2022ರ ಏಪ್ರಿಲ್ ತಿಂಗಳ ಒಂದು ನಡುಹಗಲು, ನಮ್ಮ ಅವ್ವ ಕೌದಿ ಹೊದ್ದು ಪಡಸಾಲೆಯಲ್ಲಿ ಕುಳಿತಿದ್ದಳು. ಊರಿಗೆ ಊರೇ ಬೇವಿನ ಮರದ ನೆರಳನ್ನು ಹುಡುಕುತ್ತಿದ್ದ ಹೊತ್ತು ಅದು. "ಯಾಕೋ ಚಳಿ ಚಳಿ ಆಗ್ತೈತಪ್ಪ" ಎಂದಳು. ನಾವೆಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಆ ನಗೆ ಎಷ್ಟು ಅನ್ಯಾಯದ್ದಾಗಿತ್ತೆಂಬುದು ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಚರಿತ್ರೆಯನ್ನೂ ಅರ್ಥಶಾಸ್ತ್ರವನ್ನೂ ಓದುವವನು ವೈದ್ಯದ ಮಾತೆತ್ತುವುದು ಅಧಿಕಪ್ರಸಂಗವೆಂದು ಅಧ್ಯಾಪಕರು ಎಣಿಸಬಹುದು. ಆದರೆ ಬೇನೆಯೆಂಬುದು ಯಾರ ಪಠ್ಯಕ್ರಮವನ್ನೂ ಕೇಳಿ ಮನೆಗೆ ಬರುವುದಿಲ್ಲ. ಅದು ಬಂದು ಕುಳಿತ ಮೇಲೆ ಮನೆಯಲ್ಲಿ ಅಕ್ಷರ ಬಲ್ಲವನು ಯಾವನೋ ಅವನೇ ಚೀಟಿ ಓದಬೇಕು, ಅವನೇ ಮಾತ್ರೆಯ ಲೆಕ್ಕ ಇಡಬೇಕು. ನಮ್ಮ ಮನೆಯಲ್ಲಿ ಆ ಪದವಿ ನನ್ನದಾಯಿತು. ಹಾಗೆ ಓದಿದ್ದರಲ್ಲಿ, ಕೇಳಿದ್ದರಲ್ಲಿ ನನಗೆ ಅರ್ಥವಾದಷ್ಟನ್ನು ಗೆಳೆಯರ ಮುಂದೆ ಇಡುತ್ತಿದ್ದೇನೆ.

ಮೊದಲನೆಯ ಬೇನೆಯಿಂದಲೇ ಆರಂಭಿಸಬೇಕು. ನಮ್ಮೂರ ಸುತ್ತ ತುಂಗಭದ್ರೆಯ ಕಾಲುವೆ ನೀರು ಹರಿದಲ್ಲೆಲ್ಲ ಭತ್ತದ ಗದ್ದೆ. ಎರೆಯ ಹೊಲದಲ್ಲಿ ಮೆಣಸಿನಕಾಯಿ, ಹತ್ತಿ. ಇವೆಲ್ಲವೂ ಹೆಂಗಸರ ಬೆರಳುಗಳಿಂದ ನಡೆಯತಕ್ಕ ಕೃಷಿ. ಸಸಿ ನಾಟುವ ಬೆರಳು, ಕಳೆ ಕೀಳುವ ಬೆರಳು, ಕೆಂಪಾದ ಕಾಯಿಯನ್ನು ತೊಟ್ಟುಸಹಿತ ಬಿಡಿಸುವ ಬೆರಳು. ಅವ್ವ ಕೂಲಿಗೆ ಹೋದಲ್ಲಿ ಆಕೆಯ ಸಾಲು ಮೊದಲು ಮುಗಿಯುವುದೆಂದು ಹೆಸರಿತ್ತು. ಆ ಬೆರಳುಗಳು 2019ರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಡಚಲು ಬಾರದೆ ನಿಂತವು. ಎರಡೂ ಕೈಗಳ ಗಿಣ್ಣುಗಳು ಊದಿಕೊಂಡವು. ಎದ್ದು ತಾಸು ಒಂದೂವರೆ ತಾಸು ಕಳೆದ ಮೇಲೆ ತುಸು ಸಡಿಲವಾಗುವುವು. ಮರುದಿನ ಮತ್ತೆ ಅದೇ ಪಾಡು. ಹಿಟ್ಟು ನಾದುವುದು ಹೋಗಲಿ, ಸೆರಗು ಸಿಕ್ಕಿಸಿಕೊಳ್ಳುವುದೂ ಕಷ್ಟವಾಯಿತು.

ವಾಯು ಎಂದರು. ಬದನೆಕಾಯಿ ಬಿಡಿಸಿದರು, ಆಲೂಗಡ್ಡೆ ಬಿಡಿಸಿದರು. ಎಣ್ಣೆ ತಿಕ್ಕಿ ಬಿಸಿನೀರು ಹಾಕಿದರು. ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟರು. ಒಬ್ಬರು ಸೂಜಿ ಚುಚ್ಚಿದರು. ಮೂರು ದಿನ ಸುಖ, ನಾಲ್ಕನೆಯ ದಿನ ಮೊದಲಿಗಿಂತ ಹೆಚ್ಚಿನ ನೋವು. ಕೊನೆಗೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿ, ಕೈಯ ಚಿತ್ರ ತೆಗೆಸಿ, ಇದು ರುಮಟಾಯ್ಡ್ ಸಂಧಿವಾತ ಎಂದು ಹೇಳಿದರು. ವಯಸ್ಸಾಗಿ ಕೀಲು ಸವೆದು ಬರುವ ನೋವು ಬೇರೆ, ಇದು ಬೇರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬಿದ್ದು ಅದನ್ನು ಕೆಡಿಸುವ ಬೇನೆ ಇದು. ಡಾಕ್ಟರು ಇದನ್ನು ವಿವರಿಸಿದಾಗ ಅವ್ವ ಕೇಳಿಸಿಕೊಂಡು ಒಂದೇ ಮಾತಿನಲ್ಲಿ ಹೇಳಿದಳು: "ಅಂದ್ರ, ಬೇಲಿನೇ ಎದ್ದು ಹೊಲ ಮೇಯ್ದಂಗ." ನನ್ನ ಪುಸ್ತಕಗಳಲ್ಲಿ ಇದಕ್ಕಿಂತ ಸರಿಯಾದ ವ್ಯಾಖ್ಯೆ ನನಗೆ ಈವರೆಗೆ ಸಿಕ್ಕಿಲ್ಲ.

ಔಷಧ ಆರಂಭವಾಯಿತು. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವೆಂದು ಎರಡೆರಡು ಸಲ ಎಚ್ಚರಿಸಿದರು. ಮೊದಲ ಕೆಲವು ತಿಂಗಳು ಸ್ವಲ್ಪ ಸ್ಟೀರಾಯ್ಡ್. ಎಲುಬು ಗಟ್ಟಿಯಿರಲೆಂದು ಸುಣ್ಣದಂಶದ, ಎಂದರೆ ಕ್ಯಾಲ್ಸಿಯಂ, ಮಾತ್ರೆ. ನಾನು ಗೋಡೆಯ ಪಂಚಾಂಗದಲ್ಲಿ ಭಾನುವಾರಗಳಿಗೆಲ್ಲ ಕೆಂಪು ಶಾಯಿಯ ಸುತ್ತು ಹಾಕಿದೆ. ವರುಷ ತುಂಬುವುದರೊಳಗೆ ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು. ಬಲಗೈಯ ಒಂದು ಬೆರಳು ಮಾತ್ರ ತುಸು ಡೊಂಕಾಗಿ ಉಳಿಯಿತು. ಬೇನೆಗೆ ಹೆಸರು ಸಿಕ್ಕಿತು, ಮದ್ದು ಸಿಕ್ಕಿತು, ಗೆದ್ದೆವೆಂದುಕೊಂಡೆವು. ತಪ್ಪು ಆರಂಭವಾದದ್ದು ಇಲ್ಲಿಂದಲೇ. ಒಂದು ಬೇನೆಗೆ ಹೆಸರು ಸಿಕ್ಕಿದ ಮೇಲೆ ಮನೆಯವರು ಇನ್ನೊಂದನ್ನು ಹುಡುಕಲು ಹೋಗುವುದಿಲ್ಲ.

ಎರಡನೆಯ ಬೇನೆ ಮೊದಲನೆಯದರಂತೆ ಒಂದು ಬೆಳಗಿನಲ್ಲಿ ಬರಲಿಲ್ಲ. ಅದು ಸಂಜೆಯ ನೆರಳಿನಂತೆ, ಯಾವಾಗ ಬಂದಿತೆಂದು ಹೇಳಲಾರದ ಹಾಗೆ ಬಂದಿತು. 2021ರ ಕೊನೆಯ ವೇಳೆಗೆ ಅವ್ವ ಬೇಗ ದಣಿಯತೊಡಗಿದಳು. ಕೀಲುಬೇನೆಯವರಿಗೆ ದಣಿವು ಸಹಜ ಎಂದೆವು. ಮುಖ, ಕಣ್ಣಿನ ಸುತ್ತ ಊದಿದಂತೆ ಕಂಡಿತು. ಹಿಂದೆ ತೆಗೆದುಕೊಂಡ ಸ್ಟೀರಾಯ್ಡಿನ ಗುಣ ಎಂದೆವು. ತಲೆಗೂದಲು ಉದುರಿತು. ಭಾನುವಾರದ ಮಾತ್ರೆಯ ಮೇಲೆ ಹೊರಿಸಿದೆವು. ಮೈ ತೂಕ ಏರಿತು. ಕೂಲಿಗೆ ಹೋಗದೆ ಮನೆಯಲ್ಲಿ ಕುಳಿತರೆ ಏರದೆ ಏನು ಎಂದೆವು. ರಾತ್ರಿ ಬೆರಳು ಜೋಮು ಹಿಡಿಯುತ್ತಿದ್ದವು. ಅದಂತೂ ಕೀಲುಬೇನೆಯದೇ ಎಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ. ಚರ್ಮ ಒಣಗಿ ಬಿಳಿಚಿತು, ಹೊಟ್ಟೆ ಕಟ್ಟಿಕೊಂಡಿತು, ದನಿ ಗೊಗ್ಗರಾಯಿತು. ಇವಕ್ಕೆಲ್ಲ ವಯಸ್ಸು ಎಂಬ ಸುಲಭದ ಉತ್ತರವಿತ್ತು. ಆಕೆಗೆ ಆಗಿನ್ನೂ ನಲವತ್ತಾರು.

ನಮ್ಮ ಅಪ್ಪ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಯಾರದೋ ಬಾಕಿಯನ್ನು ಇನ್ನಾರದೋ ಖಾತೆಗೆ ಬರೆಯುವುದು ಅವರ ದೃಷ್ಟಿಯಲ್ಲಿ ಮಹಾಪರಾಧ. ಆದರೆ ಮನೆಯಲ್ಲಿ ನಾವು ಎಂಟು ತಿಂಗಳು ಮಾಡಿದ ಕೆಲಸ ಅದೇ. ಹೊಸದಾಗಿ ಬಂದ ಪ್ರತಿಯೊಂದು ಕಷ್ಟವನ್ನೂ ಹಳೆಯ ಬೇನೆಯ ಖಾತೆಗೆ ಬರೆದೆವು. ಅಲ್ಲಿಯೂ ಹಿಡಿಸದೆ ಹೋದುದನ್ನು ಅವ್ವನ ಸ್ವಭಾವದ ಖಾತೆಗೆ ಬರೆದೆವು.

ಈ ಕೊನೆಯ ಮಾತು ಹೇಳಲು ನನಗೆ ನಾಚಿಕೆ. ಆದರೂ ಹೇಳಬೇಕು. ಅವ್ವ ಹಗಲು ಮಲಗತೊಡಗಿದಳು. ಕೇಳಿದ ಮಾತಿಗೆ ನಿಧಾನವಾಗಿ ಉತ್ತರ ಕೊಡುತ್ತಿದ್ದಳು. ಒಲೆಯ ಮೇಲಿಟ್ಟ ಹಾಲನ್ನು ಮರೆತು ಉಕ್ಕಿಸುತ್ತಿದ್ದಳು. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಒಂದು ವರುಷವೂ ತಪ್ಪಿಸದವಳು ಆ ಸಲ "ನೀವು ಹೋಗಿ ಬರ್ರಿ, ನನಗ ಬ್ಯಾಡ" ಎಂದುಬಿಟ್ಟಳು. ಎದುರುಮನೆಯ ಅಜ್ಜಿ, "ಕುಂತು ಉಣ್ಣೋದು ರೂಢಿ ಆತು ನೋಡು" ಎಂದು ನಮಗೆ ಕೇಳಿಸುವಂತೆಯೇ ಅಂದಳು. ಅಜ್ಜಿಯದು ಹಳೆಯ ಕಾಲದ ನಾಲಗೆ, ಅದನ್ನು ಬಿಡೋಣ. ಓದಿದವನು ಎನಿಸಿಕೊಂಡ ನಾನು ಏನಂದೆ? ಪರೀಕ್ಷೆಗೆ ಹೊರಟ ಒಂದು ದಿನ ರೊಟ್ಟಿ ಆಗಿರಲಿಲ್ಲ. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. "ಬ್ಯಾನಿ ಬ್ಯಾನಿ ಅಂತ ಹೇಳಿ ಇನ್ನೂ ಎಷ್ಟು ದಿನ ಮಲಗ್ತೀಯವ್ವ? ಮನಸ್ಸು ಸ್ವಲ್ಪ ಗಟ್ಟಿ ಮಾಡ್ಕೊ" ಎಂದು ಸಿಡುಕಿ ಬಸ್ಸಿಗೆ ಹೋದೆ.

ಅವ್ವ ಮರುಮಾತಾಡಲಿಲ್ಲ. ಮರುದಿನ ನಸುಕಿನಲ್ಲಿ ನನಗೆ ಎಚ್ಚರವಾದಾಗ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆ ಸದ್ದು ಹಿಂದಿನಂತೆ ಒಂದೇ ತಾಳದಲ್ಲಿ ಬರುತ್ತಿರಲಿಲ್ಲ, ನಡುನಡುವೆ ನಿಲ್ಲುತ್ತಿತ್ತು. ಎದ್ದು ಹೋಗಿ ನೋಡಿದರೆ, ಆಕೆ ಒಂದೊಂದು ರೊಟ್ಟಿಗೂ ನಡುವೆ ಕೈಯೂರಿ ದಣಿವಾರಿಸಿಕೊಳ್ಳುತ್ತಿದ್ದಳು. ಹಂಚಿನ ಮುಂದೆ ಕುಳಿತೂ ಭುಜದ ಮೇಲೆ ಕೌದಿ. ಮನಸ್ಸು ಗಟ್ಟಿಯಿಲ್ಲದವರು ಹೀಗೆ ಎದ್ದು ಕೂಡಲಾರರು ಎಂದು ನನಗೆ ಆಗ ಹೊಳೆಯಿತು. ಮುಂದಿನ ವಾರವೇ ಆಕೆಯನ್ನು ಕರೆದುಕೊಂಡು ಬಳ್ಳಾರಿಗೆ ಹೋದೆ.

ಅಂದು ನೋಡಿದವರು ಒಬ್ಬ ಲೇಡಿ ಡಾಕ್ಟರು. ಅವರು ಮೊದಲು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಊತವಿರಲಿಲ್ಲ. ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳೂ ಹೆಚ್ಚುಕಡಿಮೆ ಸಮವಾಗಿದ್ದವು. "ಅಮ್ಮಾ, ನಿಮ್ಮ ಕೀಲು ಶಾಂತವಾಗಿವೆ. ಕೀಲು ಶಾಂತವಾಗಿದ್ದೂ ನೀವು ಇಷ್ಟು ದಣಿದಿದ್ದೀರಿ ಅಂದರೆ, ಈ ದಣಿವು ಕೀಲಿನದಲ್ಲ" ಎಂದರು. ಆಮೇಲೆ, "ಚಳಿ ಆಗ್ತದೇನು?" ಎಂದು ಕೇಳಿದರು. ನಾವು ನಕ್ಕಿದ್ದ ಮಾತನ್ನು ಅವರು ಪ್ರಶ್ನೆಯಾಗಿ ಕೇಳಿದರು! ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಡಾಕ್ಟರು ಒಂದು ಲೋಟ ನೀರು ಕೊಟ್ಟು ಗುಟುಕರಿಸಲು ಹೇಳಿ, ಕೊರಳಿನ ಮುಂಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಳಿಕ ಥೈರಾಯ್ಡ್ ಪರೀಕ್ಷೆಗೆ ಚೀಟಿ ಬರೆದರು.

ಥೈರಾಯ್ಡ್ ಎಂಬುದು ಕೊರಳಿನ ಮುಂದೆ, ಗಂಟಲಮಣಿಗೆ ತುಸು ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತ ಆಕಾರದಲ್ಲಿರುವ ಗ್ರಂಥಿ. ಅದು ಸುರಿಸುವ ಥೈರಾಕ್ಸಿನ್ ಎಂಬ ರಸ ಮೈಯ ಎಲ್ಲ ಒಲೆಗಳ ಉರಿಯನ್ನು ಹದದಲ್ಲಿಡುತ್ತದೆ. ರಸ ಕಡಿಮೆಯಾದರೆ ಉರಿ ಇಳಿಯುತ್ತದೆ: ಚಳಿ, ಮಂಪರು, ಮಲಬದ್ಧತೆ, ಊದಿದ ಮುಖ, ಗೊಗ್ಗರು ದನಿ, ನಿಧಾನವಾದ ಮಾತು, ನಿಧಾನವಾದ ನಾಡಿ. ಹೆಚ್ಚಾದರೆ ಇದರ ತಿರುವು: ಎದೆ ಬಡಿತ, ಕೈನಡುಕ, ಬೆವರು, ತೂಕ ಇಳಿಯುವುದು. ಅವ್ವನದು ಮೊದಲನೆಯ ಬಗೆ.

ಟಿ.ಎಸ್.ಎಚ್. ಎಂಬ ಅಂಕಿ ಸುಮಾರು 0.4ರಿಂದ 4.5ರೊಳಗೆ ಇರತಕ್ಕದ್ದು; ಅವ್ವನ ಚೀಟಿಯಲ್ಲಿ 38 ಎಂದಿತ್ತು. ಅಂಕಿ ಏರಿದ್ದರೆ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿದೆಯಲ್ಲವೇ ಎಂದು ನಾನು ಜಾಣತನ ತೋರಿಸಿದೆ. ಡಾಕ್ಟರು ನಕ್ಕು ತಿದ್ದಿದರು. ತಲೆಯೊಳಗೆ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯಿದೆ. ಅದು ಮೇಸ್ತ್ರಿ ಇದ್ದಂತೆ. ಕೊರಳಿನ ಗ್ರಂಥಿ ಕೆಲಸ ಕಡಿಮೆ ಮಾಡಿದಷ್ಟೂ ಮೇಸ್ತ್ರಿ ಜೋರಾಗಿ ಕೂಗುತ್ತದೆ. ಟಿ.ಎಸ್.ಎಚ್. ಎಂದರೆ ಆ ಕೂಗಿನ ಅಳತೆ. ಅಂಕಿ ಏರಿತೆಂದರೆ ಕೆಲಸ ನಡೆಯುತ್ತಿಲ್ಲವೆಂದೇ ಅರ್ಥ. ಇದನ್ನು ಕೇಳಿ ಅವ್ವ ಮೆಲ್ಲಗೆ ಅಂದಳು: "ಮೈಯಾಗ ತ್ರಾಣ ಇಲ್ಲದಾಕಿಗೆ ಮೇಸ್ತ್ರಿ ಎಷ್ಟು ಕೂಗಿದ್ರ ಏನು ಬಂತ್ರಿ ಡಾಕ್ಟ್ರಮ್ಮ?" ಆಕೆ ಗ್ರಂಥಿಯ ವಿಷಯವನ್ನೇ ಹೇಳಿದಳೋ ಏನೋ. ನನಗೆ ಮಾತ್ರ ಪರೀಕ್ಷೆಯ ದಿನದ ನನ್ನ ಕೂಗು ನೆನಪಾಯಿತು.

ಇನ್ನೊಂದು ಪರೀಕ್ಷೆಯಲ್ಲಿ ಥೈರಾಯ್ಡಿನ ವಿರುದ್ಧ ಮೈಯೇ ಹುಟ್ಟಿಸಿಕೊಂಡ ಪ್ರತಿಕಾಯಗಳು ಬಹಳವಾಗಿ ಕಂಡವು. ಎಂದರೆ, ಇದೂ ಬೇಲಿ ಹೊಲ ಮೇಯ್ದ ಕಥೆಯೇ. ಕೀಲಿನ ಹೊಲವನ್ನು ಮೇಯ್ದ ಬೇಲಿ ಕೊರಳಿನ ಹೊಲಕ್ಕೂ ನುಗ್ಗಿತ್ತು. ಇದು ಅವ್ವನೊಬ್ಬಳ ದುರದೃಷ್ಟವಲ್ಲ. ರುಮಟಾಯ್ಡ್ ಸಂಧಿವಾತ, ಲೂಪಸ್, ಬಾಯಿ ಕಣ್ಣುಗಳನ್ನು ಒಣಗಿಸುವ ಶೋಗ್ರೆನ್ ಬೇನೆ, ಇಂಥವು ಇರುವವರಲ್ಲಿ ಥೈರಾಯ್ಡ್ ತೊಂದರೆ ಇತರರಿಗಿಂತ ಹೆಚ್ಚಾಗಿ ಕಾಣುವುದನ್ನು ಹಲವು ದೇಶಗಳ ವೈದ್ಯರು ಗಮನಿಸಿದ್ದಾರೆ. ಮೈ ತನ್ನನ್ನೇ ಪರಕೀಯವೆಂದು ತಿಳಿಯುವ ಈ ಗುಣ ಕೆಲವು ವಂಶಗಳಲ್ಲಿ ಇಳಿದು ಬರುತ್ತದೆ. ಒಮ್ಮೆ ದಾರಿ ತಪ್ಪಿದ ಶಕ್ತಿ ಒಂದೇ ಅಂಗಕ್ಕೆ ನಿಲ್ಲಬೇಕೆಂಬ ನಿಯಮವಿಲ್ಲ. ಇವೆಲ್ಲವೂ ಹೆಂಗಸರಲ್ಲೇ ಹೆಚ್ಚು. ಲೂಪಸ್ ಬಂದವರಲ್ಲಂತೂ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ದುಡಿಯುವುದೂ ಅವರೇ, ದಣಿವನ್ನು ಹೇಳದೆ ಇರುವುದೂ ಅವರೇ. ಆದ್ದರಿಂದ ಈ ಎರಡನೆಯ ಬೇನೆ ನಮ್ಮ ಮನೆಗಳಲ್ಲಿ ಬಹಳ ಕಾಲ ಅಡಗಿರಬಲ್ಲದು.

ಕಷ್ಟವೆಲ್ಲ ಇರುವುದು ಎರಡು ಬೇನೆಗಳ ಹೋಲಿಕೆಯಲ್ಲಿ. ದಣಿವು ಅದರಲ್ಲೂ ಉಂಟು, ಇದರಲ್ಲೂ ಉಂಟು. ಮೈಕೈ ನೋವು, ಬಿಗಿತ, ಕೂದಲುದುರುವುದು, ಬೆರಳ ಜೋಮು, ಮನಸ್ಸಿನ ಬೇಸರ ಎರಡರಲ್ಲೂ ಉಂಟು. ಮುಖದ ಊತ, ತೂಕ ಇವು ಸ್ಟೀರಾಯ್ಡಿನಿಂದಲೂ ಬರಬಹುದು. ಲಕ್ಷಣ ಕೇಳಿಯೇ ಇದು ಯಾವುದರದೆಂದು ಹೇಳಲು ಪಂಡಿತರಿಗೂ ಸಾಧ್ಯವಿಲ್ಲ. ಆದರೆ ಒಂದು ರಕ್ತಪರೀಕ್ಷೆ ಹೇಳಬಲ್ಲದು. ನಾವು ಎಂಟು ತಿಂಗಳು ಚರ್ಚಿಸಿದ್ದನ್ನು ಒಂದು ಸಣ್ಣ ಸೀಸೆ ರಕ್ತ ಎರಡು ದಿನಗಳಲ್ಲಿ ತೀರ್ಮಾನಿಸಿತು.

ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇದರ ಹಿಂದಿನ ಕಥೆಯನ್ನು ಹುಡುಕದೆ ಇರಲಾಗಲಿಲ್ಲ. ಜಪಾನಿನ ಹಕಾರು ಹಾಶಿಮೊಟೊ ಎಂಬ ತರುಣ ಶಸ್ತ್ರವೈದ್ಯರು 1912ರಲ್ಲಿ ನಾಲ್ವರು ಹೆಂಗಸರ ಕೊರಳಿನ ಗ್ರಂಥಿಯನ್ನು ಪರೀಕ್ಷಿಸಿ, ಅದರೊಳಗೆ ಬಿಳಿಯ ರಕ್ತಕಣಗಳು ಮುತ್ತಿಕೊಂಡಿರುವುದನ್ನು ಜರ್ಮನ್ ಪತ್ರಿಕೆಯೊಂದರಲ್ಲಿ ಬರೆದರು. ಆ ಕಣಗಳು ಏಕೆ ಮುತ್ತಿದವೆಂಬುದು ಆಗ ಯಾರಿಗೂ ತಿಳಿಯದು. ಹಾಶಿಮೊಟೊ ತಮ್ಮ ಊರಿಗೆ ಮರಳಿ ಸಾಮಾನ್ಯ ವೈದ್ಯರಾಗಿ ಬಾಳಿ, 1934ರಲ್ಲಿ ಟೈಫಾಯಿಡ್ ಜ್ವರದಿಂದ ತೀರಿಕೊಂಡರು. ಇಂದು ಅವ್ವನಂಥವರ ಚೀಟಿಯ ಮೇಲೆ ಬರೆಯುವುದು ಅವರದೇ ಹೆಸರು.

ಆ ಕಾಲದ ದೊಡ್ಡ ವಿಜ್ಞಾನಿ ಪಾಲ್ ಎರ್ಲಿಕ್ ಅವರು, ದೇಹವು ತನಗೆ ತಾನೇ ವಿಷವಾಗಲು ಹೇಸುತ್ತದೆ ಎಂದು ಸಾರಿದ್ದರು. ಹೀಗಾಗಿ ಬೇಲಿ ಹೊಲ ಮೇಯುವುದೆಂದರೆ ಬಹಳ ವರುಷ ವೈದ್ಯರು ನಂಬಲಿಲ್ಲ. 1956ರಲ್ಲಿ ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಅವರ ಸಂಗಡಿಗರು ಹಾಶಿಮೊಟೊ ಬೇನೆಯವರ ರಕ್ತದಲ್ಲಿ ತಮ್ಮದೇ ಥೈರಾಯ್ಡಿನ ವಿರುದ್ಧದ ಪ್ರತಿಕಾಯಗಳಿರುವುದನ್ನು ತೋರಿಸಿಕೊಟ್ಟರು. ಅದೇ ವರುಷ ಅಮೆರಿಕದ ಬಫಲೋ ನಗರದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್ಸ್ಕಿ ಮೊಲಗಳಲ್ಲಿ ಇದೇ ಬೇನೆಯನ್ನು ಹುಟ್ಟಿಸಿ ತೋರಿಸಿದರು. ನಮ್ಮ ಗಾದೆ ಬಹುಕಾಲದಿಂದ ಹೇಳುತ್ತಿದ್ದ ಮಾತಿಗೆ ಪ್ರಯೋಗಶಾಲೆಯಲ್ಲಿ ಸಾಕ್ಷಿ ದೊರೆಯಿತು.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಎಡ್ವರ್ಡ್ ಕೆಂಡಾಲ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರ ಬಾಳು. ಅವರು 1914ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ಹಬ್ಬದ ದಿನವೇ, ಥೈರಾಯ್ಡ್ ಗ್ರಂಥಿಯಿಂದ ಥೈರಾಕ್ಸಿನ್ನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅನಂತರ ಇನ್ನೊಂದು ಗ್ರಂಥಿಯ ಬೆನ್ನು ಹತ್ತಿದರು. ಅಲ್ಲಿ ಅವರಿಗೆ ದೊರೆತದ್ದು ಕಾರ್ಟಿಸೋನ್ ಎಂಬ ಸ್ಟೀರಾಯ್ಡ್. 1948ರಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಅದನ್ನು ರುಮಟಾಯ್ಡ್ ಸಂಧಿವಾತದಿಂದ ನಡೆಯಲಾರದೆ ಇದ್ದ ಹೆಂಗಸೊಬ್ಬಳಿಗೆ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ಟಾಡಿಯಸ್ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಕಾರ್ಟಿಸೋನ್ ಸಂಜೀವಿನಿಯಲ್ಲ, ಅದಕ್ಕೂ ತನ್ನದೇ ಕೇಡುಗಳಿವೆ ಎಂಬುದು ಬೇಗನೆ ತಿಳಿಯಿತು. ಆ ಮಾತು ಬೇರೆ. ಅವ್ವನ ಕೀಲಿಗೂ ಕೊರಳಿಗೂ ಬೇಕಾದ ಎರಡು ಮದ್ದುಗಳ ಮೂಲದಲ್ಲಿ ಒಬ್ಬನೇ ಮನುಷ್ಯನ ದುಡಿಮೆಯಿದೆಯೆಂಬುದನ್ನು ನೆನೆದಾಗ, ಆ ಎರಡು ಬೇನೆಗಳು ಒಂದೇ ಹೆಂಗಸಿನಲ್ಲಿ ಕೂಡಿದ್ದೂ ಅಷ್ಟು ವಿಚಿತ್ರವೆನಿಸಲಿಲ್ಲ.

ಚಿಕಿತ್ಸೆ ಸುಲಭವೆಂದರು: ದಿನಕ್ಕೊಂದು ಚಿಕ್ಕ ಬಿಳಿಯ ಮಾತ್ರೆ, ಅಷ್ಟೇ. ಆ "ಅಷ್ಟೇ" ಎಂಬುದರಲ್ಲಿ ನಾವು ಇನ್ನೊಮ್ಮೆ ಎಡವಿದೆವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ತಾಸಿನಿಂದ ಒಂದು ತಾಸು ಏನನ್ನೂ ತಿನ್ನಬಾರದು, ಚಹಾ ಕಾಫಿ ಕುಡಿಯಬಾರದು ಎಂದು ಹೇಳಿದ್ದರು. ಆದರೆ ಅವ್ವನಿಗೆ ಮಾತ್ರೆಗಳೆಂದರೆ ಒಂದೇ ಸಲಕ್ಕೆ ಮುಗಿಸಬೇಕಾದ ಕೆಲಸ. ಥೈರಾಯ್ಡಿನದು, ಸುಣ್ಣದಂಶದ್ದು, ರಕ್ತಹೀನತೆಗೆಂದು ಕೊಟ್ಟ ಕಬ್ಬಿಣದಂಶದ್ದು, ಎಲ್ಲವನ್ನೂ ಅಂಗೈಯಲ್ಲಿ ಕೂಡಿಸಿ ಚಹಾದ ಜೊತೆ ನುಂಗಿಬಿಡುತ್ತಿದ್ದಳು. ಎರಡು ತಿಂಗಳ ಬಳಿಕ ರಕ್ತ ನೋಡಿದರೆ ಅಂಕಿ ಇನ್ನೂ 27. ಮಾತ್ರೆಯ ಬಲ ಸಾಲದೆಂದು ನಾನು ಎಣಿಸಿದೆ. ಡಾಕ್ಟರು ಬಲವನ್ನು ಏರಿಸುವ ಮೊದಲು, "ಹೇಗೆ ನುಂಗುತ್ತೀರಿ, ತೋರಿಸಿ" ಎಂದರು. ಅವ್ವ ಅಂಗೈ ಚಾಚಿ ತೋರಿಸಿದಳು. ಸುಣ್ಣದಂಶವೂ ಕಬ್ಬಿಣದಂಶವೂ ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಹಿಡಿದು ರಕ್ತಕ್ಕೆ ಸೇರಗೊಡುವುದಿಲ್ಲ. ನಡುವೆ ನಾಲ್ಕು ತಾಸಿನ ಅಂತರ ಬೇಕು. ಕೀಲುಬೇನೆಯವರಿಗೆ ಸುಣ್ಣದಂಶದ ಮಾತ್ರೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದ್ದರಿಂದ ಈ ತಪ್ಪು ಅವರಲ್ಲೇ ಸುಲಭ.

ಅಂದಿನಿಂದ ನಾನು ಮೂರು ಡಬ್ಬಿ ಮಾಡಿಟ್ಟೆ. ಕೋಳಿ ಕೂಗಿದಾಗ ಒಂದು, ಮಧ್ಯಾಹ್ನದ ಊಟಕ್ಕೆ ಒಂದು, ರಾತ್ರಿಗೆ ಒಂದು. ಪಂಚಾಂಗದ ಕೆಂಪು ಸುತ್ತು ಹಾಗೆಯೇ ಉಳಿಯಿತು. ಈ ಮಾತ್ರೆ ನೋವಿನ ಗುಳಿಗೆಯಂತೆ ತಾಸಿನಲ್ಲಿ ಗುಣ ತೋರಿಸುವಂಥದಲ್ಲ. ಮೈಯಲ್ಲಿ ಅದರ ಮಟ್ಟ ನೆಲೆಗೊಳ್ಳಲು ಆರು ವಾರ ಬೇಕು. ಆದ್ದರಿಂದ ಆರೆಂಟು ವಾರಕ್ಕೊಮ್ಮೆ ರಕ್ತ ನೋಡಿ ಬಲವನ್ನು ತಿದ್ದುತ್ತಾರೆ. ಗುಣವಾಯಿತೆಂದು ತಾವೇ ಬಿಟ್ಟರೆ ಬೇನೆ ಮತ್ತೆ ಮರಳುತ್ತದೆ. ಬೇಗ ಗುಣವಾಗಲೆಂದು ಎರಡೆರಡು ನುಂಗಿದರೆ ಎದೆಗೂ ಎಲುಬಿಗೂ ಕೇಡು.

ಈ ನಡುವೆ ಊರಿನ ಉಪದೇಶಗಳಿಗೆ ಕೊರತೆಯಿರಲಿಲ್ಲ. ಥೈರಾಯ್ಡ್ ಎಂದೊಡನೆ ಉಪ್ಪು ಸರಿಯಿಲ್ಲ, ಅಯೊಡಿನ್ ಉಪ್ಪನ್ನು ಹೆಚ್ಚು ತಿನ್ನಿಸಿರಿ ಎಂದರು. ಅಯೊಡಿನ್ ಕೊರತೆಯಿಂದ ಬರುವ ಗಳಗಂಡ ನಿಜವಾದ ಬೇನೆಯೇ. ಅದರ ನಿವಾರಣೆಗೆಂದು ಭಾರತ ಸರ್ಕಾರ 1962ರಲ್ಲಿಯೇ ಒಂದು ಕಾರ್ಯಕ್ರಮವನ್ನು ಕೈಗೊಂಡಿತು. ಇಂದು ಮನೆಮನೆಯ ಉಪ್ಪಿನಲ್ಲಿ ಅಯೊಡಿನ್ ಇದೆ. ಆದರೆ ಅವ್ವನದು ಕೊರತೆಯ ಬೇನೆಯಲ್ಲ, ಒಳಜಗಳದ ಬೇನೆ. ಹೊಲಕ್ಕೆ ಗೊಬ್ಬರ ಹೆಚ್ಚು ಹಾಕಿದರೆ ಮೇಯುವ ಬೇಲಿ ನಿಲ್ಲುವುದೇ? ಅಯೊಡಿನ್ ಅತಿಯಾದರೆ ಇಂಥ ಗ್ರಂಥಿ ಇನ್ನಷ್ಟು ಕುಗ್ಗಲೂ ಬಹುದು. ಮನೆಯ ಉಪ್ಪು ಎಂದಿನಷ್ಟೇ ಇರಲಿ ಎಂದು ಡಾಕ್ಟರು ಹೇಳಿದರು, ಹಾಗೆಯೇ ನಡೆದೆವು.

ಗುಣ ಬಂದದ್ದೂ ಬೇನೆ ಬಂದ ಹಾಗೆಯೇ, ಸದ್ದಿಲ್ಲದೆ. ಮೊದಲು ದನಿ ತಿಳಿಯಾಯಿತು. ಆಮೇಲೆ ಹಗಲುನಿದ್ದೆ ಹೋಯಿತು. ಕಣ್ಣಿನ ಸುತ್ತಣ ಊತ ಇಳಿದು, ನನಗೆ ಗೊತ್ತಿದ್ದ ಮುಖ ಮರಳಿ ಬಂದಿತು. ರಕ್ತದಲ್ಲಿ ಏರಿದ್ದ ಕೊಬ್ಬಿನ ಅಂಶ ತಾನಾಗಿ ಇಳಿಯಿತು. ಕೀಲುಬೇನೆಯವರ ಹೃದಯಕ್ಕೆ ಮೊದಲೇ ಅಪಾಯ ಹೆಚ್ಚು, ಥೈರಾಯ್ಡಿನ ಕೊರತೆ ಕೂಡಿದರೆ ಇನ್ನೂ ಹೆಚ್ಚು ಎಂದು ಡಾಕ್ಟರು ವಿವರಿಸಿದಾಗ, ನಾವು ನಗೆಯಲ್ಲಿ ಕಳೆದ ತಿಂಗಳುಗಳನ್ನು ನೆನೆದು ನನಗೆ ನಡುಕವಾಯಿತು. 2023ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವ್ವ, "ಏನು ಸೆಕಿನಪ್ಪ ಇದು, ತಡ್ಯಾಕ ಆಗವಲ್ದು" ಎಂದು ಸೆರಗಿನಿಂದ ಗಾಳಿ ಹಾಕಿಕೊಂಡಳು. ಸೆಕೆಯನ್ನು ದೂರುವ ಮಾತು ಇಷ್ಟು ಹಿತವಾಗಿ ಕೇಳಿಸಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಕೌದಿಯನ್ನು ಮಡಚಿ ಅಟ್ಟಕ್ಕೆ ಹಾಕಿದೆವು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಡೊಂಕಾದ ಬೆರಳು ಡೊಂಕಾಗಿಯೇ ಇದೆ. ಕೆಲವು ಬೆಳಿಗ್ಗೆ ಕೀಲು ಬಿಗಿಯುವುದೂ ಉಂಟು. ಭಾನುವಾರದ ಮಾತ್ರೆಯೂ ನಸುಕಿನ ಮಾತ್ರೆಯೂ ಆಕೆಯ ಬಾಳಿನ ಸಂಗಾತಿಗಳು. ಮೆಣಸಿನಕಾಯಿ ಬಿಡಿಸಲು ಈಗಲೂ ಹೋಗುತ್ತಾಳೆ; ಆದರೆ ಆಕೆಯ ಸಾಲು ಮೊದಲು ಮುಗಿಯುವುದಿಲ್ಲ. ಅದಕ್ಕೆ ಆಕೆಗೆ ಬೇಸರವಿಲ್ಲ.

ಬೇಸರ ಇರುವುದು ನನಗೆ. ಒಂದು ದಿನ ಧೈರ್ಯ ಮಾಡಿ, "ಅವತ್ತು ಹಂಗ ಅನ್ನಬಾರದಾಗಿತ್ತವ್ವ" ಎಂದೆ. ಆಕೆ ಮಾತ್ರೆಯ ಡಬ್ಬಿಯನ್ನು ಮುಚ್ಚುತ್ತ, "ಕೀಲಿಗೆ ಒಂದು ಗುಳಿಗಿ ಐತಿ, ಕೊಳ್ಳಿಗೆ ಒಂದು ಐತಿ. ನಿನ್ನ ಬಾಯಿಗೂ ಒಂದು ಇದ್ದಿದ್ರ ಕೇಳಿಕೊಂಡು ಬರಬೇಕಿತ್ತು" ಎಂದು ನಕ್ಕಳು. ಈ ಸಲ ನಕ್ಕವಳು ಆಕೆ. ಆ ನಗೆಯಲ್ಲಿ ಅನ್ಯಾಯವಿರಲಿಲ್ಲ.

ದಣಿದವರಿಗೆಲ್ಲ ಥೈರಾಯ್ಡ್ ಬೇನೆಯಿದೆಯೆಂದು ನಾನು ಹೇಳುತ್ತಿಲ್ಲ. ಪ್ರತಿಕಾಯಗಳು ಕಂಡವರೆಲ್ಲರಿಗೆ ಮಾತ್ರೆ ಬೇಕೆಂದೂ ಅಲ್ಲ. ಅದನ್ನು ತೀರ್ಮಾನಿಸತಕ್ಕವರು ವೈದ್ಯರು. ನನ್ನ ಅರಿಕೆ ಇಷ್ಟೇ: ಗೆಳೆಯರೇ, ನಿಮ್ಮ ಮನೆಯಲ್ಲಿಯೂ ಕೀಲುಬೇನೆಯ ಅವ್ವನೋ ಅಕ್ಕನೋ ಅತ್ತೆಯೋ ಇರಬಹುದು. ಆಕೆ ಹೊಸದಾಗಿ ಏನನ್ನಾದರೂ ಹೇಳಿದರೆ, ಅದು ಕೇಳಲು ಎಷ್ಟೇ ವಿಚಿತ್ರವಾಗಿರಲಿ, ಒಡನೆಯೇ ಹಳೆಯ ಖಾತೆಗೆ ಬರೆದುಬಿಡಬೇಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ, "ಥೈರಾಯ್ಡನ್ನೂ ಒಮ್ಮೆ ನೋಡಬಹುದೇ?" ಎಂದು ಕೇಳಿರಿ. ಕೇಳುವುದಕ್ಕೆ ವೈದ್ಯಶಾಸ್ತ್ರ ಓದಬೇಕಾಗಿಲ್ಲ. ಬಿಸಿಲಿನಲ್ಲಿ ಚಳಿಯೆಂದವರ ಮಾತನ್ನು ನಗದೆ ಕೇಳಿಸಿಕೊಂಡರೆ ಸಾಕು.